ಅಳೆಯುವುದು ಬೇರೆ, ತೂಗುವುದು ಬೇರೆ: ಲೀಟರನ್ನು ಕಿಲೋಗ್ರಾಂಗೆ ತರುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆ ಅಡುಗೆಯವರು ಬರೆದುಕೊಟ್ಟ ಸಾಮಾನಿನ ಪಟ್ಟಿಯಲ್ಲಿ ‘ಎಣ್ಣೆ 30 ಕೆ.ಜಿ.’ ಎಂದಿತ್ತು. ಕಿರಾಣಿ ಅಂಗಡಿಯಲ್ಲಿ ಎರಡು ಬಗೆಯ ಡಬ್ಬಿಗಳು ಅಕ್ಕಪಕ್ಕದಲ್ಲಿದ್ದವು. ನೋಡಲು ಒಂದೇ ತರ, ಎರಡರ ಮೇಲೂ 15 ಎಂಬ ದೊಡ್ಡ ಅಂಕಿ. ಒಂದರ ಮೇಲೆ ಆ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ‘ಲೀಟರ್’ ಎಂದೂ ಇನ್ನೊಂದರ ಮೇಲೆ ‘ಕೆ.ಜಿ.’ ಎಂದೂ ಅಚ್ಚಾಗಿತ್ತು. ಲೀಟರಿನ ಡಬ್ಬಿ ನೂರೈವತ್ತು ರೂಪಾಯಿ ಅಗ್ಗವಾಗಿದ್ದುದರಿಂದ ಅದನ್ನೇ ಎರಡು ತಂದೆ. ಮರುದಿನ ಮಧ್ಯಾಹ್ನದ ಪಂಕ್ತಿಗಳು ಮುಗಿದು, ಸಂಜೆ ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಕರಿಯುವ ಹೊತ್ತಿಗೆ ಎಣ್ಣೆ ತಳ ಕಂಡಿತ್ತು. ಅಡುಗೆಯವರ ಅಂದಾಜಿನಲ್ಲಿ ತಪ್ಪಿರಲಿಲ್ಲ. ನಾನು ತಂದದ್ದೇ 30 ಕೆ.ಜಿ. ಆಗಿರಲಿಲ್ಲ, ಅದು 27.3 ಕೆ.ಜಿ. ಎಣ್ಣೆಯಾಗಿತ್ತು.

ಕೊರತೆಯಾದ ಆ 2.7 ಕೆ.ಜಿ.ಯ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ, ಅದೇ ಕ್ರಮವನ್ನು ಹಾಲು, ಧಾನ್ಯ, ಮರಳು, ತೋಟದ ಔಷಧಿಗಳಿಗೆ ಹೇಗೆ ಅನ್ವಯಿಸಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಉಪಕರಣವೆಂದರೆ ಗ್ರಾಂ ತೋರಿಸುವ ಒಂದು ಅಡುಗೆಮನೆ ತಕ್ಕಡಿ ಮತ್ತು ಗೆರೆ ಹಾಕಿದ ಒಂದು ಲೀಟರಿನ ಅಳತೆಪಾತ್ರೆ.

ಹಂತ 1: ಕೈಯಲ್ಲಿರುವ ಅಂಕಿ ಅಳೆದದ್ದೋ ತೂಗಿದ್ದೋ ಎಂದು ಗುರುತಿಸಿ

‘ಅಳೆದು ತೂಗಿ ನೋಡು’ ಎನ್ನುವಾಗ ನಾವು ಎರಡು ಕ್ರಿಯಾಪದಗಳನ್ನು ಬಳಸುತ್ತೇವೆ, ಮತ್ತು ಅವು ಎರಡು ಬೇರೆ ಕೆಲಸಗಳು. ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಅದರ ಗಾತ್ರ. ಅದನ್ನು ಪಾತ್ರೆಯಿಂದ ಅಳೆಯುತ್ತೇವೆ. ಅದರಲ್ಲಿ ಎಷ್ಟು ಸರಕು ತುಂಬಿದೆ ಎಂಬುದು ಅದರ ದ್ರವ್ಯರಾಶಿ. ಅದನ್ನು ತಕ್ಕಡಿಯಿಂದ ತೂಗುತ್ತೇವೆ. ಭೌತಶಾಸ್ತ್ರದಲ್ಲಿ ದ್ರವ್ಯರಾಶಿಯೂ ತೂಕವೂ ಒಂದೇ ಅಲ್ಲ, ತೂಕವೆಂದರೆ ಭೂಮಿ ಆ ವಸ್ತುವನ್ನು ಎಳೆಯುವ ಬಲ. ಆದರೆ ಅಂಗಡಿಯ ತಕ್ಕಡಿಯೂ ಕಾನೂನೂ ಕಿಲೋಗ್ರಾಮಿನಲ್ಲಿ ಹೇಳುವುದು ದ್ರವ್ಯರಾಶಿಯನ್ನೇ ಆದ್ದರಿಂದ, ಈ ಬರಹದಲ್ಲಿ ‘ತೂಕ’ ಎಂಬ ಮಾತನ್ನು ಸಂತೆಯ ಅರ್ಥದಲ್ಲಿಯೇ ಬಳಸಿದ್ದೇನೆ.

ಲೀಟರ್, ಮಿಲಿಲೀಟರ್, ಘನ ಅಡಿ, ಘನ ಮೀಟರ್, ಗ್ಯಾಲನ್, ಚಮಚ, ಕಪ್ ಇವೆಲ್ಲ ಗಾತ್ರದ ಮಾನಗಳು. ಗ್ರಾಂ, ಕಿಲೋಗ್ರಾಂ, ಕ್ವಿಂಟಲ್, ಟನ್, ತೊಲ ಇವು ತೂಕದವು. ಒಂದೇ ಗುಂಪಿನೊಳಗಿನ ಪರಿವರ್ತನೆಗೆ ವಸ್ತು ಯಾವುದೆಂದು ಕೇಳುವ ಅಗತ್ಯವೇ ಇಲ್ಲ. ಕ್ವಿಂಟಲ್ ಎಂದರೆ 100 ಕೆ.ಜಿ.; ಅದು ಅಡಿಕೆಯಾದರೂ ಅಷ್ಟೇ, ಹತ್ತಿಯಾದರೂ ಅಷ್ಟೇ. ಒಂದು ಘನ ಅಡಿ ಎಂದರೆ 28.3 ಲೀಟರ್, ಹಿರಿಯೂರಿನ ವಾಣಿ ವಿಲಾಸ ಸಾಗರದ ಸಂಗ್ರಹವನ್ನು ಸುಮಾರು 30 ಟಿಎಂಸಿ ಎಂದು ಪತ್ರಿಕೆಯಲ್ಲಿ ಓದಿದಾಗ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್ ಎಂಬ ಒಂದೇ ಗುಣಾಕಾರದಿಂದ ಅದನ್ನು 85 ಕೋಟಿ ಘನ ಮೀಟರ್ ಎಂದು ತಿರುಗಿಸಬಹುದು. ಅದೇ ಸುದ್ದಿಯಲ್ಲಿ ಬರುವ ‘ಮಟ್ಟ 130 ಅಡಿ’ ಎಂಬುದು ಉದ್ದದ ಮಾನ, ‘ಒಳಹರಿವು ಇಷ್ಟು ಕ್ಯೂಸೆಕ್’ ಎಂಬುದು ಪ್ರತಿ ಸೆಕೆಂಡಿಗೆ ಹರಿಯುವ ಗಾತ್ರ. ಇವನ್ನು ಒಂದರೊಡನೊಂದು ಕಲಸಬಾರದು.

ಗೊಂದಲವಿರುವುದು ಎರಡೂ ಗುಂಪುಗಳಲ್ಲಿ ಕಾಲಿಟ್ಟಿರುವ ಮಾನಗಳಲ್ಲಿ. ನಮ್ಮ ಕಡೆ ಅಂಥದ್ದರಲ್ಲಿ ಮೊದಲನೆಯದು ಸೇರು. ಬ್ರಿಟಿಷರ ಕಾಲದ ಪ್ರಮಾಣಬದ್ಧ ತೂಕದ ಸೇರು 80 ತೊಲ, ಅಂದರೆ 933 ಗ್ರಾಂ. ಕಚ್ಚಾ ಸೇರು ಅದಕ್ಕಿಂತ ಬಹಳ ಚಿಕ್ಕದು. ಅಳತೆಯ ಸೇರು ಅವೆರಡೂ ಅಲ್ಲ, ಅದು ಕಬ್ಬಿಣದ ಅಥವಾ ಹಿತ್ತಾಳೆಯ ಒಂದು ಪಾತ್ರೆ. ಅದರ ಕಾಲು ಭಾಗ ಪಾವು. ಮೆಟ್ರಿಕ್ ಪದ್ಧತಿ 1956ರ ಕಾಯ್ದೆಯಿಂದ ಬಂದು, 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಜಾರಿಯಾದ ಮೇಲೂ ಮನೆಗಳಲ್ಲಿ ಪಾವು ಉಳಿದಿದೆ, ಮಂಡಕ್ಕಿಯ ವ್ಯಾಪಾರದಲ್ಲಿ ಸೇರೂ ಉಳಿದಿದೆ. ಅಜ್ಜಿ ‘ಒಂದು ಸೇರು ಅಕ್ಕಿ’ ಎಂದರೆ ಅದು ಅಳತೆಯೋ ತೂಕವೋ ಎಂದು ಅವರನ್ನೇ ಕೇಳಬೇಕು. ಊಹಿಸಿದರೆ ಅನ್ನ ಮಿಕ್ಕೀತು ಅಥವಾ ಸಾಲದಾದೀತು.

ಇಂಗ್ಲಿಷ್ ಅಡುಗೆ ಪುಸ್ತಕಗಳ ಔನ್ಸ್ ಕೂಡ ಇದೇ ಜಾತಿಯದು. ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ ಅಮೆರಿಕದಲ್ಲಿ 29.57 ಮಿಲಿಲೀಟರ್. ಮಗುವಿನ ಹಾಲಿನ ಬಾಟಲಿಯ ಮೇಲಿರುವುದು ಎರಡನೆಯದು.

ಹಂತ 2: ‘ಯಾವುದರ ಲೀಟರ್?’ ಎಂದು ಕೇಳಿ

ಲೀಟರಿನಿಂದ ಕಿಲೋಗ್ರಾಂಗೆ ದಾಟಬೇಕಾದರೆ ಆ ವಸ್ತುವಿನ ಹೆಸರು ಬೇಕೇ ಬೇಕು. ‘ಒಂದು ಲೀಟರ್ ಎಂದರೆ ಎಷ್ಟು ಕೆ.ಜಿ.?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಒಂದು ಲೀಟರ್ ನೀರು ಎಂದರೆ ಉತ್ತರವಿದೆ, ಒಂದು ಲೀಟರ್ ಜೇನುತುಪ್ಪ ಎಂದರೂ ಇದೆ, ಮತ್ತು ಎರಡು ಉತ್ತರಗಳೂ ಬೇರೆ ಬೇರೆ. ಒಂದು ಲೀಟರ್ ಜಾಗದಲ್ಲಿ ಎಷ್ಟು ಕಿಲೋಗ್ರಾಂ ಸರಕು ಹಿಡಿಯುತ್ತದೆ ಎಂಬ ಅಂಕಿಗೆ ಸಾಂದ್ರತೆ ಎಂದು ಹೆಸರು.

ಬಹಳ ಮಂದಿಯ ತಲೆಯಲ್ಲಿ ‘ಲೀಟರ್ ಎಂದರೆ ಕಿಲೋ’ ಎಂದು ಕೂತಿರುವುದಕ್ಕೆ ನೀರೇ ಕಾರಣ, ಮತ್ತು ಅದರ ಹಿಂದೆ ಸ್ವಲ್ಪ ಇತಿಹಾಸವೂ ಇದೆ. 1901ರಿಂದ 1964ರವರೆಗೆ ಲೀಟರಿನ ಅಧಿಕೃತ ವ್ಯಾಖ್ಯೆಯೇ ‘ಅತಿ ಹೆಚ್ಚು ಸಾಂದ್ರತೆಯಲ್ಲಿರುವ ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಯುವ ಜಾಗ’ ಎಂದಿತ್ತು. ಹಾಗೆ ಸಿಕ್ಕ ಲೀಟರ್ ಒಂದು ಘನ ಡೆಸಿಮೀಟರಿಗಿಂತ ಹತ್ತು ಲಕ್ಷದಲ್ಲಿ 28 ಭಾಗದಷ್ಟು ದೊಡ್ಡದಾಗಿದ್ದುದರಿಂದ 1964ರಲ್ಲಿ ಆ ವ್ಯಾಖ್ಯೆಯನ್ನು ಕೈಬಿಟ್ಟು, ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಘನವೇ ಲೀಟರ್ ಎಂದು ನಿಗದಿ ಮಾಡಿದರು. ಮನೆಯ ಲೆಕ್ಕಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ನೀರಿನ ಮಟ್ಟಿಗೆ ಲೀಟರನ್ನು ಕಿಲೋ ಎಂದುಕೊಂಡರೆ ತಪ್ಪಿಲ್ಲ. ತಾರಸಿಯ ಮೇಲಿನ ಸಾವಿರ ಲೀಟರಿನ ತೊಟ್ಟಿ ತುಂಬಿದಾಗ ಒಂದು ಟನ್ ಭಾರ ಕೂತಿದೆ ಎಂದು ತಿಳಿಯಲು ಅಷ್ಟು ಸಾಕು. ನೀರಿನ ಈ ಗುಣವನ್ನು ಬೇರೆ ವಸ್ತುಗಳಿಗೂ ಎರವಲು ಕೊಡುವುದೇ ತಪ್ಪು.

ದಿನಬಳಕೆಯ ಕೆಲವು ಅಂಕಿಗಳನ್ನು ನೆನಪಿಟ್ಟುಕೊಳ್ಳಬಹುದು. ಒಂದು ಲೀಟರ್ ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಅಥವಾ ಕಾಸಿದ ತುಪ್ಪ ಸುಮಾರು 0.91 ಕೆ.ಜಿ. ತೂಗುತ್ತದೆ, ಹಾಲು 1.03 ಕೆ.ಜಿ.; ಜೇನುತುಪ್ಪ ಸುಮಾರು 1.4 ಕೆ.ಜಿ.; ಪೆಟ್ರೋಲು 0.72ರಿಂದ 0.775 ಕೆ.ಜಿ.ಯ ನಡುವೆ, ಡೀಸೆಲ್ ಅದಕ್ಕಿಂತ ಭಾರ, 0.83 ಕೆ.ಜಿ.ಯ ಆಸುಪಾಸು. ಬಂಕಿನ ಯಂತ್ರದ ಮೇಲೆ ಬೆಲೆಯ ಜೊತೆಗೆ ‘ಡೆನ್ಸಿಟಿ’ ಎಂದು 745ರಂಥ ಒಂದು ಅಂಕಿ ಮೂಡುತ್ತದಲ್ಲ, ಅದು ಈ ಸಾಂದ್ರತೆಯೇ. ಒಂದು ಘನ ಮೀಟರಿಗೆ, ಅಂದರೆ ಸಾವಿರ ಲೀಟರಿಗೆ, ಇಷ್ಟು ಕಿಲೋಗ್ರಾಂ ಎಂದು ಅದರ ಅರ್ಥ.

ಹಂತ 3: ಗುಣಿಸಬೇಕೋ ಭಾಗಿಸಬೇಕೋ ನಿರ್ಧರಿಸಿ

ಲೀಟರಿನಿಂದ ಕಿಲೋಗೆ ಹೋಗುವಾಗ ಸಾಂದ್ರತೆಯಿಂದ ಗುಣಿಸಿ. ಕಿಲೋದಿಂದ ಲೀಟರಿಗೆ ಬರುವಾಗ ಸಾಂದ್ರತೆಯಿಂದ ಭಾಗಿಸಿ. ಇದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇರುವ ಮಾತು. ಪರೀಕ್ಷೆ ಮುಗಿದ ಮೇಲೆ ಯಾವುದಕ್ಕೆ ಯಾವುದೆಂದು ಮರೆತುಹೋಗುವುದೂ ಅಷ್ಟೇ ಸಹಜ. ಆದ್ದರಿಂದ ಸೂತ್ರಕ್ಕಿಂತ ಒಂದು ಪ್ರಶ್ನೆಯನ್ನು ನೆನಪಿಡುವುದು ಮೇಲು: ಈ ವಸ್ತು ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ? ತೇಲುವುದಾದರೆ ಅದರ ಕಿಲೋ ಅಂಕಿ ಲೀಟರ್ ಅಂಕಿಗಿಂತ ಚಿಕ್ಕದಿರಬೇಕು; ಮುಳುಗುವುದಾದರೆ ದೊಡ್ಡದಿರಬೇಕು. ಎಣ್ಣೆ ನೀರಿನ ಮೇಲೆ ತೇಲುತ್ತದೆ. 15 ಲೀಟರ್ ಎಣ್ಣೆಗೆ 16.5 ಕೆ.ಜಿ. ಎಂಬ ಉತ್ತರ ಬಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ ಎಂದರ್ಥ.

ಈಗ ನನ್ನ ಡಬ್ಬಿಗಳ ಲೆಕ್ಕ. 15 × 0.91 = 13.65 ಕೆ.ಜಿ.; ಎರಡು ಡಬ್ಬಿಗೆ 27.3 ಕೆ.ಜಿ. ಅದೇ 15 ಕೆ.ಜಿ.ಯ ಡಬ್ಬಿಯಲ್ಲಿ 15 ÷ 0.91, ಅಂದರೆ ಸುಮಾರು 16.5 ಲೀಟರ್ ಎಣ್ಣೆ ಇರುತ್ತದೆ. ಬೆಲೆಯನ್ನು ಹೋಲಿಸುವಾಗಲೂ ಮೊದಲು ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಲೆಕ್ಕ ಸುಲಭವಾಗಲೆಂದು ಲೀಟರಿನ ಡಬ್ಬಿಗೆ 2,250 ರೂಪಾಯಿ, ಕೆ.ಜಿ.ಯ ಡಬ್ಬಿಗೆ 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ಕೆ.ಜಿ.ಗೆ ಸುಮಾರು 165 ರೂಪಾಯಿ ಬೀಳುತ್ತದೆ, ಎರಡನೆಯದು 160 ರೂಪಾಯಿ. ಅಗ್ಗವೆಂದು ನಾನು ಆರಿಸಿದ್ದೇ ದುಬಾರಿಯದಾಗಿತ್ತು.

ಹಾಲಿನಲ್ಲಿ ಈ ಲೆಕ್ಕ ಉಲ್ಟಾ ತಿರುಗುತ್ತದೆ, ಏಕೆಂದರೆ ಹಾಲು ನೀರಿಗಿಂತ ಭಾರ. ತಕ್ಕಡಿಯಲ್ಲಿ 10 ಕೆ.ಜಿ. ತೂಗಿದ ಹಾಲು 10 ÷ 1.03, ಅಂದರೆ 9.7 ಲೀಟರ್. ತೂಕದಲ್ಲಿ ಕೊಟ್ಟು ಲೀಟರಿನಲ್ಲಿ ದುಡ್ಡು ಎಣಿಸುವ ರೈತರು ಕ್ಯಾನಿಗೆ 300 ಮಿಲಿಲೀಟರ್ ಕಡಿಮೆಯಾಯಿತೆಂದು ಜಗಳಕ್ಕಿಳಿಯುವ ಮೊದಲು ಈ ಭಾಗಾಕಾರವನ್ನು ಮಾಡಿ ನೋಡಬೇಕು. ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ತೋರಿಸುವುದೂ ಸಾಂದ್ರತೆಯನ್ನೇ: ಅದರಲ್ಲಿ 28 ಎಂದರೆ 1.028. ಹಾಲಿಗೆ ನೀರು ಬೆರೆಸಿದರೆ ಈ ಅಂಕಿ ಇಳಿಯುತ್ತದೆ. ಆದರೆ ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಕೆನೆಯಲ್ಲಿರುವ ಕೊಬ್ಬು ಹಾಲಿನ ಉಳಿದ ಭಾಗಕ್ಕಿಂತ ಹಗುರ. ಕೆನೆ ತೆಗೆದು ಅಷ್ಟಕ್ಕಷ್ಟೇ ನೀರು ಬೆರೆಸಿದವನನ್ನು ಲ್ಯಾಕ್ಟೋಮೀಟರ್ ಒಂದೇ ಹಿಡಿಯಲಾರದು. ಕೊಬ್ಬಿನ ಪರೀಕ್ಷೆಯನ್ನೂ ಜೊತೆಗೆ ಮಾಡುವುದು ಅದಕ್ಕಾಗಿಯೇ.

ಹಂತ 4: ಅಂಕಿ ಸಿಗದಿದ್ದರೆ ಮನೆಯಲ್ಲೇ ಕಂಡುಕೊಳ್ಳಿ

ಯಾರೋ ಹೇಳಿದ ಸಾಂದ್ರತೆಯನ್ನು ನಂಬುವುದಕ್ಕಿಂತ ನಮ್ಮ ವಸ್ತುವನ್ನು ನಾವೇ ತೂಗಿ ನೋಡುವುದು ಎಷ್ಟೋ ಮೇಲು. ಇದಕ್ಕೆ ಹತ್ತು ನಿಮಿಷ ಸಾಕು.

ಮೊದಲು ಪಾತ್ರೆಯ ನಿಜವಾದ ಗಾತ್ರವನ್ನು ತಿಳಿಯಬೇಕು. ಮನೆಯ ಪಾವನ್ನೇ ತೆಗೆದುಕೊಳ್ಳಿ. ಒಣಗಿದ ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ಅಂಚಿನವರೆಗೆ ನೀರು ತುಂಬಿ. ನೀರಿನ ಮೇಲ್ಮೈ ಉಬ್ಬದೆ ಅಂಚಿಗೆ ಸಮನಾಗಿರಲಿ. ತಕ್ಕಡಿ ಈಗ ಎಷ್ಟು ಗ್ರಾಂ ತೋರಿಸುತ್ತದೋ ನಿಮ್ಮ ಪಾವು ಅಷ್ಟು ಮಿಲಿಲೀಟರಿನದು. ನೀರಿನಲ್ಲಿ ಗ್ರಾಂ ಮತ್ತು ಮಿಲಿಲೀಟರ್ ಒಂದೇ ಆಗಿರುವುದು ಗೊಂದಲದ ಮೂಲವಾದರೂ, ಇಲ್ಲಿ ಅದೇ ನಮಗೆ ಅಳತೆಯಿಂದ ತೂಕಕ್ಕೆ ದಾಟಿಸುವ ಸೇತುವೆ. ನಮ್ಮ ನಲ್ಲಿಯ ನೀರು 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 996 ಗ್ರಾಂ ಇರುತ್ತದೆ. ಆ ನಾಲ್ಕು ಗ್ರಾಂ ಅಡುಗೆಯ ಲೆಕ್ಕವನ್ನು ಕೆಡಿಸುವುದಿಲ್ಲ.

ಬಳಿಕ ಪಾವನ್ನು ಚೆನ್ನಾಗಿ ಒರೆಸಿ, ಒಣಗಿಸಿ, ಅದೇ ಅಂಚಿನವರೆಗೆ ಬೇಕಾದ ವಸ್ತುವನ್ನು ತುಂಬಿ ತೂಗಿ. ವಸ್ತುವಿನ ಗ್ರಾಂ ಅನ್ನು ನೀರಿನ ಗ್ರಾಂನಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನೀರು 250 ಗ್ರಾಂ, ಎಣ್ಣೆ 228 ಗ್ರಾಂ ಬಂದರೆ 228 ÷ 250 = 0.912. ಮೂರು ಸಲ ಮಾಡಿ, ಮೂರನ್ನೂ ಬರೆದಿಡಿ. ಎಣ್ಣೆ, ಹಾಲುಗಳಲ್ಲಿ ಮೂರೂ ಉತ್ತರಗಳು ಹೆಚ್ಚುಕಡಿಮೆ ಒಂದೇ ಬರುತ್ತವೆ. ಅಕ್ಕಿ, ಹಿಟ್ಟುಗಳಲ್ಲಿ ಬರುವುದಿಲ್ಲ. ಹಾಗೆ ಬರದಿರುವುದು ನಿಮ್ಮ ಕೈಯ ತಪ್ಪಲ್ಲ. ಅದರ ಕಾರಣವೇ ಮುಂದಿನ ಹಂತ.

ಹಂತ 5: ಕಾಳು, ಹಿಟ್ಟು, ಮರಳಿನಲ್ಲಿ ಗಾಳಿಯನ್ನೂ ಲೆಕ್ಕಕ್ಕೆ ತನ್ನಿ

ಅಕ್ಕಿಯ ಪಾತ್ರೆಯಲ್ಲಿ ಅಕ್ಕಿಯ ಜೊತೆಗೆ ಕಾಳುಗಳ ನಡುವಿನ ಗಾಳಿಯೂ ಇದೆ. ಒಂದೊಂದು ಅಕ್ಕಿಕಾಳು ನೀರಿನಲ್ಲಿ ಮುಳುಗುತ್ತದೆ. ಆದರೂ ಒಂದು ಲೀಟರ್ ಡಬ್ಬಿಯ ಅಕ್ಕಿ ಸುಮಾರು 0.8 ಕೆ.ಜಿ. ಮಾತ್ರ ತೂಗುತ್ತದೆ. ಸಂದುಗಳೂ ಸೇರಿದ ಈ ಸಾಂದ್ರತೆಯನ್ನು ಎಂಜಿನಿಯರುಗಳು ಬಲ್ಕ್ ಡೆನ್ಸಿಟಿ ಎನ್ನುತ್ತಾರೆ. ಮೂರನೇ ಹಂತದ ‘ತೇಲುತ್ತದೋ ಮುಳುಗುತ್ತದೋ’ ಎಂಬ ಪ್ರಶ್ನೆ ದ್ರವಗಳಿಗೆ ಮಾತ್ರ ಸರಿ, ಕಾಳಿಗೆ ಹೊಂದುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಗಾಳಿಯ ಪಾಲು ಎಷ್ಟೆಂಬುದು ತುಂಬುವ ರೀತಿಯನ್ನು ಅವಲಂಬಿಸಿದೆ. ಸೇರನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಕಾಳು ಒತ್ತಾಗಿ ಕೂತು ಇನ್ನೊಂದು ಹಿಡಿ ಹಿಡಿಸುತ್ತದೆ. ಗೋಪುರವಾಗಿ ಏರಿಸಿ ಕೊಡುವ ‘ತಲೆಯಳತೆ’ ಒಂದು ಬಗೆ, ಕೋಲಿನಿಂದ ಸವರಿ ಕೊಡುವುದು ಇನ್ನೊಂದು ಬಗೆ. ಧಾನ್ಯವನ್ನು ಅಳೆದು ಮಾರುತ್ತಿದ್ದ ಕಾಲದಲ್ಲಿ ಕೊಡುವವನ ಕೈಗೂ ಕೊಳ್ಳುವವನ ಕಣ್ಣಿಗೂ ನಡೆಯುತ್ತಿದ್ದ ಜಟಾಪಟಿಯೆಲ್ಲ ಈ ಗಾಳಿಯ ಸುತ್ತಲೇ. ಮನೆಯಲ್ಲಿ ಪರೀಕ್ಷಿಸುವಾಗ ಒಂದೇ ಕ್ರಮವನ್ನು ಅನುಸರಿಸಿ: ಒಂದು ಗೇಣು ಎತ್ತರದಿಂದ ಸುರಿದು, ಕುಟ್ಟದೆ, ಅಲುಗಾಡಿಸದೆ, ನೇರವಾದ ಪಟ್ಟಿಯಿಂದ ಒಮ್ಮೆ ಸವರಿ ತೂಗಿ.

ಮಂಡಕ್ಕಿ ಇದರ ಕೊನೆಯ ತುದಿ. ಒಂದು ಲೀಟರ್ ಡಬ್ಬಿ ತುಂಬ ಮಂಡಕ್ಕಿ ನೂರು ಗ್ರಾಂ ದಾಟುವುದು ಅಪರೂಪ. ಭಟ್ಟಿಯಲ್ಲಿ ಅಕ್ಕಿ ಹುರಿದು ಉಬ್ಬುವಾಗ ಅದಕ್ಕೆ ಸರಕೇನೂ ಸೇರುವುದಿಲ್ಲ. ಸ್ವಲ್ಪ ತೇವ ಹೋಗಿ ತೂಕ ಇಳಿಯುವುದೇ ಹೆಚ್ಚು. ತೂಕ ಇದ್ದಲ್ಲೇ ಇದ್ದು ಗಾತ್ರ ಎಷ್ಟೋ ಪಟ್ಟು ಹಿಗ್ಗುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಪ್ರಯೋಗಶಾಲೆ ನನಗಂತೂ ಗೊತ್ತಿಲ್ಲ. ಇಂಥ ಸರಕನ್ನು ಸೇರಿನಲ್ಲಿ ಅಳೆದು ಕೊಡುವುದರಲ್ಲಿ ಅರ್ಥವೂ ಇದೆ: ಬಾಯಿಗೆ ಬೇಕಾದದ್ದು ಗರಿಗರಿಯ ರಾಶಿ, ಮತ್ತು ತೇವ ಹಿಡಿದು ಮೆತ್ತಗಾದ ಮಂಡಕ್ಕಿಗೆ ತಕ್ಕಡಿಯಲ್ಲಿ ತೂಕ ಜಾಸ್ತಿ.

ಕಟ್ಟಡದ ಕೆಲಸದಲ್ಲಿ ಇದೇ ಗಾಳಿ ದುಡ್ಡಿನ ಮಾತಾಗುತ್ತದೆ. 50 ಕೆ.ಜಿ.ಯ ಸಿಮೆಂಟ್ ಚೀಲವನ್ನು ಸುಮಾರು 35 ಲೀಟರ್ ಎಂದು ಹಿಡಿಯುವುದು ರೂಢಿ. ಎಂ-ಸ್ಯಾಂಡನ್ನು ಒಬ್ಬರು ಟನ್ನಿನಲ್ಲಿ ಬೆಲೆ ಹೇಳುತ್ತಾರೆ, ಇನ್ನೊಬ್ಬರು ನೂರು ಘನ ಅಡಿಯ ಯೂನಿಟ್ಟಿನಲ್ಲಿ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಒಣ ಮರಳಿಗೆ ಘನ ಮೀಟರಿಗೆ 1.6 ಟನ್ ಎಂದಿಟ್ಟರೆ ಅದು ಸುಮಾರು 4.5 ಟನ್. ಆದರೆ ಮರಳು ತೇವವಾಗಿದ್ದರೆ ಈ ಲೆಕ್ಕ ಕೆಡುತ್ತದೆ, ಅದೂ ಎರಡೂ ಕಡೆಯಿಂದ. ತೂಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ. ಅಳತೆಯಲ್ಲಿ ಕೊಂಡರೆ ಇನ್ನೊಂದು ತೊಡಕು: ತೂಕದ ನೂರಕ್ಕೆ ಐದರಷ್ಟು ತೇವವಿರುವಾಗ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ಅವನ್ನು ದೂರ ತಳ್ಳುವುದರಿಂದ ಮರಳಿನ ಗಾತ್ರ ನೂರಕ್ಕೆ ಇಪ್ಪತ್ತೈದರವರೆಗೂ ಉಬ್ಬಬಹುದು. ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಪೊರೆ ಹರಿದು, ಮರಳು ಮತ್ತೆ ಒಣ ಗಾತ್ರಕ್ಕೆ ಇಳಿಯುತ್ತದೆ.

ಇದನ್ನು ಮನೆ ಕಟ್ಟುವ ಜಾಗದಲ್ಲೇ ನೋಡಬಹುದು. ಬಂದ ಮರಳನ್ನು ನೆಟ್ಟಗಿನ ಗಾಜಿನ ಪಾತ್ರೆಯಲ್ಲಿ 15 ಸೆಂಟಿಮೀಟರ್ ಎತ್ತರ ತುಂಬಿ, ನೀರು ಹಾಕಿ, ಕಡ್ಡಿಯಿಂದ ಚೆನ್ನಾಗಿ ಕುಕ್ಕಿ, ಕೂರಲು ಬಿಡಿ. 12 ಸೆಂಟಿಮೀಟರಿಗೆ ಇಳಿದರೆ ಉಬ್ಬರ 3 ÷ 12, ಅಂದರೆ ನೂರಕ್ಕೆ 25. ಮೇಸ್ತ್ರಿ ಒಂದಕ್ಕೆ ಆರು ಬಾಂಡ್ಲಿ ಎಂದು ಈ ಮರಳನ್ನೇ ಎಣಿಸಿ ಹಾಕಿದರೆ ನಿಜವಾಗಿ ಬಿದ್ದದ್ದು ಐದು ಬಾಂಡ್ಲಿಗಿಂತ ಕಡಿಮೆ ಮರಳು. ಸಿಮೆಂಟು ಅಂದಾಜಿಗಿಂತ ಬೇಗ ಖಾಲಿಯಾಗುತ್ತದೆ. ಸರಿಪಡಿಸಲು ಆರರ ಬದಲು ಏಳೂವರೆ ಬಾಂಡ್ಲಿ ತೇವದ ಮರಳು ಹಾಕಬೇಕು.

ಕಬ್ಬಿಣದ ಸರಳಿನಲ್ಲಿ ಗಾಳಿಯ ತಕರಾರಿಲ್ಲ. ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ ಎಂದು ಮೇಸ್ತ್ರಿಗಳು ಬಾಯಿಪಾಠ ಹೇಳುತ್ತಾರೆ. ಆ 162 ಎಲ್ಲಿಂದ ಬಂತೆಂದರೆ, ಸರಳಿನ ಗಾತ್ರವನ್ನು ಉಕ್ಕಿನ ಸಾಂದ್ರತೆಯಾದ ಘನ ಮೀಟರಿಗೆ 7,850 ಕೆ.ಜಿ.ಯಿಂದ ಗುಣಿಸಿ ಸಂಕ್ಷೇಪಿಸಿದ್ದರಿಂದ. 12 ಮಿಲಿಮೀಟರ್ ಸರಳಿಗೆ 144 ÷ 162 = 0.89 ಕೆ.ಜಿ.; 12 ಮೀಟರ್ ಉದ್ದದ ಒಂದು ಸರಳು ಸುಮಾರು 10.7 ಕೆ.ಜಿ.

ಹಂತ 6: ಬಿಸಿಲನ್ನು ಮರೆಯಬೇಡಿ

ಬಿಸಿಯಾದರೆ ದ್ರವ ಹಿಗ್ಗುತ್ತದೆ. ಗಾತ್ರ ಹೆಚ್ಚುತ್ತದೆ, ತೂಕ ಹೆಚ್ಚುವುದಿಲ್ಲ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಕೆಲವು ತಯಾರಕರು ಪೊಟ್ಟಣದ ಮೇಲೆ ಲೀಟರಿನ ಜೊತೆಗೆ 60 ಡಿಗ್ರಿಯಂಥ ಉಷ್ಣಾಂಶವನ್ನು ನಮೂದಿಸುತ್ತಿದ್ದರು. ಹಾಗೆ ಮಾಡಿದರೆ ‘ಒಂದು ಲೀಟರ್’ ಎಂದು ಹೇಳಿಯೂ ಕಡಿಮೆ ಎಣ್ಣೆ ತುಂಬಲು ಅವಕಾಶವಿರುತ್ತದೆ. ಉಷ್ಣಾಂಶವನ್ನು ಬಿಟ್ಟು, ಗಾತ್ರದ ಜೊತೆಗೆ ತೂಕವನ್ನೂ ಮುದ್ರಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸೂಚಿಸಿತು. ಪೊಟ್ಟಣಗಳನ್ನು ಹೋಲಿಸುವಾಗ ಗ್ರಾಂ ಅಂಕಿಯನ್ನೇ ನೋಡಿ, ಅದಕ್ಕೆ ಚಿತ್ರದುರ್ಗದ ಏಪ್ರಿಲ್ ಬಿಸಿಲೂ ಒಂದೇ, ಡಿಸೆಂಬರ್ ಚಳಿಯೂ ಒಂದೇ.

ಅನಿಲದಲ್ಲಿ ಗಾತ್ರವನ್ನು ನೆಚ್ಚುವುದು ಇನ್ನೂ ಕಷ್ಟ. ಅಡುಗೆ ಸಿಲಿಂಡರನ್ನು 14.2 ಕೆ.ಜಿ. ಎಂದು ತೂಕದಲ್ಲೇ ಮಾರುವುದು ಅದಕ್ಕಾಗಿ. ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕವನ್ನು ಒಟ್ಟು ತೂಕದಿಂದ ಕಳೆದರೆ ಒಳಗಿರುವ ಅನಿಲ ಎಷ್ಟೆಂದು ತಿಳಿಯುತ್ತದೆ.

ಹಂತ 7: ಪಾಕ ಬದಲಾಗುವ ಕಡೆ ತೂಕದಿಂದ ಹೊರಡಿ

ಒಂದು ಕೆ.ಜಿ. ಬೆಣ್ಣೆ ಕಾಸಿದರೆ ಎಷ್ಟು ಲೀಟರ್ ತುಪ್ಪ? ಇಲ್ಲಿ ಮಾನವೂ ಬದಲಾಗುತ್ತದೆ, ವಸ್ತುವೂ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬಾರದು. ಮೊದಲು ತೂಕದಲ್ಲೇ ಉಳಿದು, ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಕೊಬ್ಬಿದ್ದರೆ ಸುಮಾರು 800 ಗ್ರಾಂ ತುಪ್ಪ ಎಂದು ಬರೆದುಕೊಳ್ಳಿ. ಆಮೇಲೆ 0.91ರಿಂದ ಭಾಗಿಸಿ, ಸುಮಾರು 880 ಮಿಲಿಲೀಟರ್. ದೋಸೆಯ ಮೇಲೆ ಹಾಕಲು ತಂದ ಹಸಿ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಹೆಚ್ಚಿದ್ದರೆ ಮೊದಲ ಅಂಕಿಯೇ ಇಳಿಯುತ್ತದೆ.

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಅಳತೆ ಮತ್ತು ತೂಕವನ್ನು ಅದಲುಬದಲು ಮಾಡಿದರೆ ಬೆಲೆ ತೆರುವುದು ಮರ. ನೂರಕ್ಕೆ ಒಂದರ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ‘ಸಮ ಸಮ’ ಎಂದು ಕೇಳಿಸಿಕೊಂಡು ಒಂದೇ ಡಬ್ಬಿಯಿಂದ ಎರಡನ್ನೂ ಅಳೆದು ಹಾಕುವವರಿದ್ದಾರೆ. ಮೈಲುತುತ್ತದ ಹರಳುಗಳು ಲೀಟರಿಗೆ ಒಂದು ಕಿಲೋಗಿಂತ ಹೆಚ್ಚು ತೂಗಿದರೆ, ನುಣ್ಣನೆಯ ಸುಣ್ಣದ ಪುಡಿ ಸುಮಾರು ಅರ್ಧ ಕಿಲೋ. ಹಾಗಾಗಿ ಡಬ್ಬಿಗೆ ಡಬ್ಬಿ ಹಾಕಿದಾಗ ಮೈಲುತುತ್ತ ತೂಕದಲ್ಲಿ ಸುಣ್ಣದ ಎರಡು ಪಟ್ಟಾಗಿ, ದ್ರಾವಣ ಆಮ್ಲೀಯವಾಗಿ ಉಳಿಯುವ ಅಪಾಯವಿದೆ; ಹಾಗೆ ಉಳಿದರೆ ಅದು ಎಲೆ, ಹಿಂಗಾರಗಳನ್ನು ಸುಡಬಹುದು. ಎರಡನ್ನೂ ತೂಗಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಹೊಳೆಯುವ ಕುಡುಗೋಲಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಮೂಡಿದರೆ ಸುಣ್ಣ ಸಾಲದು ಎಂದರ್ಥ. ಔಷಧಿ ಬಾಟಲಿಯ ಮುಚ್ಚಳದಿಂದ ಪುಡಿಯನ್ನು ಅಳೆಯುವ ಅಭ್ಯಾಸವೂ ಇದೇ ತಪ್ಪು: ಮುಚ್ಚಳದ ಗೆರೆ ಮಿಲಿಲೀಟರಿನದು, ಚೀಟಿಯಲ್ಲಿರುವುದು ಗ್ರಾಂ.

ಮಕ್ಕಳ ಜ್ವರದ ಸಿರಪ್ಪಿನ ಮೇಲೆ ‘5 ಮಿ.ಲೀ.ಗೆ 250 ಮಿ.ಗ್ರಾಂ’ ಎಂದಿರುವುದು ಸಾಂದ್ರತೆಯಲ್ಲ, ಆ ದ್ರವದಲ್ಲಿರುವ ಔಷಧಿಯ ಪ್ರಮಾಣ. ಅದೇ ಔಷಧಿ 5 ಮಿ.ಲೀ.ಗೆ 125 ಮಿ.ಗ್ರಾಂನ ಬಾಟಲಿಯಲ್ಲಿಯೂ ಬರುತ್ತದೆ. ವೈದ್ಯರು ಮಿಲಿಗ್ರಾಂ ಹೇಳಿದರೋ ಮಿಲಿಲೀಟರ್ ಹೇಳಿದರೋ, ಮಿಲಿಲೀಟರ್ ಆದರೆ ಯಾವ ಬಾಟಲಿಯದು ಎಂಬುದನ್ನು ಕೇಳಿ ತಿಳಿದುಕೊಂಡು, ಅದರೊಡನೆ ಬಂದ ಗೆರೆಯ ಮುಚ್ಚಳದಲ್ಲೇ ಅಳೆದು ಕೊಡಿ.

ಎಲ್ಲ ಹಂತಗಳೂ ಸೇರುವ ಒಂದು ಲೆಕ್ಕ

ಮೆಕ್ಕೆಜೋಳ ತುಂಬಿದ ಟ್ರೈಲರ್ ದಾವಣಗೆರೆಯ ಮಾರುಕಟ್ಟೆಗೆ ಹೊರಟಿದೆ. ಎಷ್ಟು ಕ್ವಿಂಟಲ್ ಇದ್ದೀತು? ಟ್ರೈಲರಿನ ಒಳಗಿನ ಅಳತೆ ತೆಗೆದುಕೊಳ್ಳಿ, ಹೊರಗಿನದ್ದಲ್ಲ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಜೋಳ ಎರಡು ಅಡಿ ಎತ್ತರಕ್ಕೆ ಸಮನಾಗಿ ನಿಂತಿದ್ದರೆ 120 ಘನ ಅಡಿ. ಇದು ಗಾತ್ರದಿಂದ ಗಾತ್ರಕ್ಕೆ: 120 × 28.3 = ಸುಮಾರು 3,400 ಲೀಟರ್. ಇನ್ನು ವಸ್ತುವಿನ ಹೆಸರು: ಒಣಗಿದ ಮೆಕ್ಕೆಜೋಳ, ಲೀಟರಿಗೆ ಸುಮಾರು 0.72 ಕೆ.ಜಿ. ಗುಣಿಸಿದರೆ 2,450 ಕೆ.ಜಿ., ಅಂದರೆ ಇಪ್ಪತ್ತನಾಲ್ಕೂವರೆ ಕ್ವಿಂಟಲ್.

ತೂಕದ ಸೇತುವೆಯ (ವೇಬ್ರಿಡ್ಜ್) ಚೀಟಿಯಲ್ಲಿ ಇಪ್ಪತ್ತೈದೂವರೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ತುಂಬುವಾಗಲೇ ಕಾಳು ಒತ್ತಾಗಿ ಕೂತಿತ್ತು, ಅಥವಾ ನಡುವೆ ರಾಶಿ ಸ್ವಲ್ಪ ಏರಿತ್ತು. ತೇವ ಹೆಚ್ಚಿದ್ದರೆ ಆ ತೂಕದಲ್ಲಿ ನೀರಿನ ಪಾಲೂ ಇದೆ: ನೂರಕ್ಕೆ 18 ತೇವದ ಒಂದು ಕ್ವಿಂಟಲ್ ಜೋಳವನ್ನು 14ಕ್ಕೆ ಒಣಗಿಸಿದರೆ ಉಳಿಯುವುದು 100 × 82 ÷ 86, ಅಂದರೆ 95.3 ಕೆ.ಜಿ. ಆದರೆ ಚೀಟಿ ಇಪ್ಪತ್ತೊಂದನ್ನು ತೋರಿಸಿದರೆ, ಮೂರೂವರೆ ಕ್ವಿಂಟಲಿನಷ್ಟು ಅಂತರವನ್ನು ಗಾಳಿಯ ತಲೆಗೆ ಕಟ್ಟುವಂತಿಲ್ಲ. ಆಗ ಮೊದಲು ಟೇಪು ಹಿಡಿದು ಒಳ ಅಳತೆಯನ್ನು ಮತ್ತೆ ನೋಡಿ. ಬಳಿಕ ಒಂದು ಲೀಟರ್ ಜೋಳವನ್ನು ಸವರಿ ತೂಗಿ 0.72 ಸರಿಯೇ ಎಂದು ನೋಡಿ. ಎರಡೂ ಸರಿಯಿದ್ದರೆ, ಜೋಳ ಇಳಿಸಿದ ಮೇಲೆ ಖಾಲಿ ಟ್ರ್ಯಾಕ್ಟರನ್ನು ಟ್ರೈಲರ್ ಸಮೇತ ಬೇರೊಂದು ಸೇತುವೆಯ ಮೇಲೆ ನಿಲ್ಲಿಸಿ, ಮೊದಲ ಚೀಟಿಯಲ್ಲಿ ಬರೆದಿರುವ ಖಾಲಿ ತೂಕದೊಂದಿಗೆ ಹೋಲಿಸಿ.